ಮೊದಲು ಸಾಮಾನಿನ ಚೀಟಿ, ಆಮೇಲೆ ಕೂಪನ್

ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಸಿ.ಕೆ. ರಂಗನಾಥನ್ ಎಂಬ ತರುಣ 15,000 ರೂಪಾಯಿ ಬಂಡವಾಳ ಹಾಕಿ ಚಿಕ್ ಶಾಂಪೂ ಮಾಡತೊಡಗಿದರು. ಸ್ಯಾಶೆಯಲ್ಲಿ ಶಾಂಪೂ ಮಾರುವವರು ಆಗಲೇ ಇದ್ದರು. ಹೆಸರೇ ಕೇಳಿರದ ಮಾಲನ್ನು ಹಳ್ಳಿಯ ಅಂಗಡಿಯಲ್ಲಿ ಯಾರು ಕೇಳಿ ಕೊಳ್ಳಬೇಕು? ಕಂಪನಿ ಒಂದು ಉಪಾಯ ಹೂಡಿತು. ಯಾವ ಕಂಪನಿಯದಾದರೂ ಸರಿ, ಐದು ಖಾಲಿ ಸ್ಯಾಶೆ ತಂದುಕೊಟ್ಟರೆ ಒಂದು ಚಿಕ್ ಸ್ಯಾಶೆ ಪುಕ್ಕಟೆ. ಬಚ್ಚಲುಮನೆಯ ಮೂಲೆಯಲ್ಲಿ ಬಿದ್ದಿರುತ್ತಿದ್ದ ಹರಕು ಪ್ಲಾಸ್ಟಿಕ್ಕಿಗೆ ಒಮ್ಮೆಗೇ ಬೆಲೆ ಬಂತು. ಸ್ವಲ್ಪ ಕಾಲದ ಮೇಲೆ ನಿಯಮ ಬದಲಾಯಿತು: ಐದೂ ಖಾಲಿ ಸ್ಯಾಶೆ ಚಿಕ್‌ನದ್ದೇ ಆಗಿರಬೇಕು. ಅಷ್ಟರಲ್ಲಿ ಜನ ಅಂಗಡಿಗೆ ಬಂದು ಚಿಕ್ ಎಂದೇ ಕೇಳುವುದು ರೂಢಿಯಾಗಿತ್ತು. ತಿಂಗಳಿಗೆ 35,000 ರೂಪಾಯಿಯಿದ್ದ ವ್ಯಾಪಾರ 12 ಲಕ್ಷಕ್ಕೆ ಏರಿತೆಂದು ರಂಗನಾಥನ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿದರು.

ಕೂಪನ್ನಿನ ವ್ಯವಹಾರವೆಲ್ಲ ಈ ಎರಡು ಹೆಜ್ಜೆಯಲ್ಲಿದೆ. ಮೊದಲ ಹೆಜ್ಜೆಯಲ್ಲಿ ಲಾಭ ಗಿರಾಕಿಯದು: ಹೇಗಿದ್ದರೂ ಬಿಸಾಡುವ ವಸ್ತು ಕೊಟ್ಟು ಒಂದು ತಲೆಸ್ನಾನಕ್ಕಾಗುವಷ್ಟು ಶಾಂಪೂ ಪಡೆದ. ಎರಡನೆಯ ಹೆಜ್ಜೆಯಲ್ಲಿ ಲಾಭ ಕಂಪನಿಯದು: ಗಿರಾಕಿಯ ಆಯ್ಕೆಯೇ ಬದಲಾಯಿತು. ನಮ್ಮ ತೀರ್ಮಾನವನ್ನು ಬದಲಿಸಲು ಕಂಪನಿ ಮಾಡುವ ಖರ್ಚೇ ಕೂಪನ್. ನಮ್ಮ ತೀರ್ಮಾನ ಬದಲಾಗದೆಯೇ ಆ ಖರ್ಚು ನಮ್ಮ ಕೈಸೇರಿದರೆ ಅದು ಉಳಿತಾಯ. ಬದಲಾದರೆ, ನಾವು ಇನ್ನೊಬ್ಬರ ಮಾಲು ಖಾಲಿ ಮಾಡಿಕೊಟ್ಟೆವು ಅಷ್ಟೆ.

ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. ಕೋಕಾ-ಕೋಲಾವನ್ನು ಕೊಂಡು ಬೆಳೆಸಿದ ಏಸಾ ಕ್ಯಾಂಡ್ಲರ್ 19ನೆಯ ಶತಮಾನದ ಕೊನೆಯಲ್ಲಿ ಒಂದು ಲೋಟ ಪಾನೀಯ ಉಚಿತ ಎಂಬ ಚೀಟಿಗಳನ್ನು ಅಂಚೆಯಲ್ಲೂ ಪತ್ರಿಕೆಗಳಲ್ಲೂ ಹಂಚಿದರು. 1913ರ ಹೊತ್ತಿಗೆ ಸುಮಾರು 85 ಲಕ್ಷ ಲೋಟ ಹೀಗೆ ಪುಕ್ಕಟೆ ಹೋಗಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕತ್ತರಿ ಹಿಡಿದು ಪತ್ರಿಕೆಯಿಂದ ಕೂಪನ್ ಕತ್ತರಿಸುವುದು ಅಲ್ಲಿನ ಗೃಹಿಣಿಯರ ವಾರದ ಕೆಲಸವಾಯಿತು. ಭಾನುವಾರದ ಪತ್ರಿಕೆಯ ನಡುವೆ ಕೂಪನ್ ಪುಟಗಳ ಕಟ್ಟು ಬರುವುದು ಮುಂದೆ ರೂಢಿಯಾಯಿತು. ಹೊಸದಾಗಿ ಆ ದೇಶಕ್ಕೆ ಹೋದ ನಮ್ಮ ಕನ್ನಡ ಸಂಸಾರಗಳೂ ಈ ಕತ್ತರಿ ಕೆಲಸವನ್ನು ಬೇಗನೆ ಕಲಿಯುತ್ತಿದ್ದವು. ಕಂಪನಿಯ ಕೂಪನ್ ಒಂದು, ಅಂಗಡಿಯದು ಇನ್ನೊಂದು, ಎರಡನ್ನೂ ಒಂದೇ ವಸ್ತುವಿಗೆ ಹಚ್ಚುವ ಅವಕಾಶವೂ ಅಲ್ಲಿ ಉಂಟು. 2010ರಲ್ಲಿ ಅಲ್ಲಿನ ಟಿಎಲ್‌ಸಿ ವಾಹಿನಿಯಲ್ಲಿ ಬಂದ ‘ಎಕ್ಸ್‌ಟ್ರೀಮ್ ಕೂಪನಿಂಗ್’ ಕಾರ್ಯಕ್ರಮದಲ್ಲಿ ನೂರಾರು ಡಾಲರಿನ ಸಾಮಾನನ್ನು ಕೆಲವೇ ಡಾಲರಿಗೆ ತರುವವರನ್ನು ತೋರಿಸಿದರು. ಅವರ ನೆಲಮಾಳಿಗೆಗಳಲ್ಲಿ ವರ್ಷಗಟ್ಟಲೆ ಮುಗಿಯದಷ್ಟು ಟೂತ್‌ಪೇಸ್ಟ್ ಇತ್ತು. ಅಷ್ಟು ಟೂತ್‌ಪೇಸ್ಟ್ ಯಾವ ಸಂಸಾರಕ್ಕೂ ಬೇಕಾಗಿಲ್ಲ. ಅದನ್ನು ಉಳಿತಾಯ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ನಮ್ಮಲ್ಲಿ ಕತ್ತರಿಸುವ ಕೂಪನ್ ಅಷ್ಟಾಗಿ ಬೇರೂರಲಿಲ್ಲ. ಇಲ್ಲಿ ಬೆಳೆದದ್ದು ಪೊಟ್ಟಣ ಕೂಡಿಡುವ ಅಭ್ಯಾಸ. 1999ರ ಕ್ರಿಕೆಟ್ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಗಳ ಮೇಲೆ ರನ್ನುಗಳನ್ನು ಮುದ್ರಿಸಿತು. ನೂರು ರನ್ ಕೂಡಿಸಿದರೆ ಗೀಚುವ ಪುಸ್ತಕ, ಅದೃಷ್ಟವಿದ್ದರೆ ಇಂಗ್ಲೆಂಡಿಗೆ ಪ್ರಯಾಣ. ಆ ವರ್ಷ ಶಾಲೆಗೆ ಹೋಗುತ್ತಿದ್ದವರನ್ನು ಕೇಳಿ ನೋಡಿ, ಬಿಸ್ಕತ್ತಿನ ರುಚಿಗಿಂತ ಹೊದಿಕೆಯ ಮೇಲಿನ ಅಂಕಿ ಚೆನ್ನಾಗಿ ನೆನಪಿದೆ. 2006ರ ಜನವರಿ 26ರಂದು ಬಿಗ್ ಬಜಾರ್ ‘ಅತ್ಯಂತ ಅಗ್ಗದ ದಿನ’ ಘೋಷಿಸಿದಾಗ ಹಲವು ಊರುಗಳಲ್ಲಿ ಜನಜಂಗುಳಿ ನುಗ್ಗಿತು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ‘ಬಿಗ್ ಬಿಲಿಯನ್ ಡೇ’ ರಿಯಾಯಿತಿ ಮಾರಾಟ ನಡೆಸಿತು. 2017ರಲ್ಲಿ ಗೂಗಲ್‌ನ ಪಾವತಿ ಆ್ಯಪ್ ಗೀಚುವ ಕಾರ್ಡನ್ನು ನಮ್ಮ ಹೆಬ್ಬೆರಳಿಗೆ ತಂದಿತು. ಈಗ ಕತ್ತರಿಯೂ ಬೇಡ, ಪೊಟ್ಟಣವೂ ಬೇಡ. ಅಕ್ಷರ ಅಂಕಿ ಸೇರಿದ ಒಂದು ಕೋಡ್ ಒತ್ತಿದರೆ ಬಿಲ್ಲು ಇಳಿಯುತ್ತದೆ.

ಬೆಲೆಯನ್ನೇ ಇಳಿಸಬಹುದಲ್ಲ, ಈ ಸುತ್ತುಬಳಸು ಏಕೆ ಎಂದು ಯಾರಿಗಾದರೂ ಅನಿಸಬೇಕು. ಉತ್ತರ ಇಷ್ಟು: ಎಲ್ಲರಿಗೂ ಇಳಿಸಿದರೆ ಕಂಪನಿಗೆ ನಷ್ಟ. ನೂರು ರೂಪಾಯಿ ಕೊಟ್ಟೇ ಕೊಳ್ಳುವವರಿಂದ ನೂರು ಪಡೆಯಬೇಕು, ಎಂಬತ್ತಾದರೆ ಮಾತ್ರ ಕೊಳ್ಳುವವರನ್ನೂ ಬಿಡಬಾರದು. ಇಬ್ಬರನ್ನೂ ಬೇರ್ಪಡಿಸುವುದು ಹೇಗೆ? ಸ್ವಲ್ಪ ತೊಂದರೆ ಕೊಡಬೇಕು. ಹುಡುಕಬೇಕು, ನೆನಪಿಡಬೇಕು, ದಿನಾಂಕದೊಳಗೆ ಬಳಸಬೇಕು. ದುಡ್ಡಿನ ಬಿಸಿ ತಟ್ಟಿದವರು ಆ ತೊಂದರೆ ತೆಗೆದುಕೊಳ್ಳುತ್ತಾರೆ, ಉಳಿದವರು ಪೂರ್ತಿ ಬೆಲೆ ತೆತ್ತು ಹೋಗುತ್ತಾರೆ. ಆದ್ದರಿಂದ ಕೂಪನ್ ಬಳಸುವುದು ಕಷ್ಟವಾಗಿರುವುದು ಆಕಸ್ಮಿಕವಲ್ಲ. ಅಮೆರಿಕದಲ್ಲಿ ಹಂಚುವ ಕೂಪನ್ನುಗಳಲ್ಲಿ ನೂರಕ್ಕೆ ಒಂದೆರಡು ಅಂಗಡಿಗೆ ಮರಳಿದರೆ ಹೆಚ್ಚು. ಉಳಿದವು ಬರಿಯ ಜಾಹೀರಾತಾಗಿ ಕೆಲಸ ಮಾಡುತ್ತವೆ, ಹೆಸರನ್ನು ಕಣ್ಣಿಗೆ ಬೀಳಿಸುತ್ತವೆ.

ಕೂಪನ್ನನ್ನೇ ಕೈಬಿಟ್ಟು ನೇರವಾಗಿ ಬೆಲೆ ಇಳಿಸಲು ಹೊರಟ ಅಂಗಡಿಯೂ ಇತ್ತು. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳಿಗೆ ಆ್ಯಪಲ್ ಕಂಪನಿಯಿಂದ ಬಂದ ರಾನ್ ಜಾನ್ಸನ್ ಮುಖ್ಯಸ್ಥರಾದರು. 2012ರ ಆರಂಭದಲ್ಲಿ ಅವರು ಕೂಪನ್ನು, ರಿಯಾಯಿತಿ ಮಾರಾಟ ಎಲ್ಲವನ್ನೂ ತೆಗೆದುಹಾಕಿ ಪ್ರತಿದಿನವೂ ಒಂದೇ ಕಡಿಮೆ ಬೆಲೆ ಇಟ್ಟರು. ಗಿರಾಕಿಗಳು ಸಂತೋಷಪಡಬೇಕಿತ್ತು. ಆದರೆ ಆ ಒಂದು ವರ್ಷದಲ್ಲಿ ಮಾರಾಟ ಸುಮಾರು ಕಾಲುಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಹೋದರು, ಕೂಪನ್ ಮರಳಿ ಬಂತು. ಎಷ್ಟು ಕೊಟ್ಟೆವು ಎನ್ನುವುದಕ್ಕಿಂತ ಎಷ್ಟು ಉಳಿಸಿದೆವು ಎನ್ನುವುದು ಮನಸ್ಸಿಗೆ ಹಿತ. ಮೇಲೆ ಗೀಟೆಳೆದ 500, ಕೆಳಗೆ 299 ಎಂದು ಕಂಡರೆ ನಮ್ಮ ಲೆಕ್ಕ 299ರಿಂದಲ್ಲ, 500ರಿಂದ ಶುರುವಾಗುತ್ತದೆ. ಕಂಪನಿಗಳಿಗೆ ನಮ್ಮ ಈ ಸ್ವಭಾವ ಚೆನ್ನಾಗಿ ಗೊತ್ತು. ನಮಗೂ ಗೊತ್ತಿರಲಿ.

ಭಾರತದಲ್ಲಿ ಆ ಗೀಟೆಳೆದ ಅಂಕಿಗೆ ಕಾನೂನಿನ ಹೆಸರೇ ಇದೆ, ಎಂಆರ್‌ಪಿ. ಪೊಟ್ಟಣ ಕಟ್ಟಿದ ಸಾಮಾನಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿಸುವುದನ್ನು 1990ರ ತಿದ್ದುಪಡಿ ಕಡ್ಡಾಯ ಮಾಡಿತು. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎನ್ನುವುದು ಗ್ರಾಹಕನಿಗೆ ದೊಡ್ಡ ರಕ್ಷಣೆ. ಆದರೆ ಆ ಅಂಕಿ ಎಷ್ಟಿರಬೇಕೆಂದು ತೀರ್ಮಾನಿಸುವವರು ಸಾಮಾನ್ಯವಾಗಿ ತಯಾರಕರೇ. ದ್ರಾಕ್ಷಿ ಗೋಡಂಬಿ, ಸ್ಟೀಲ್ ಡಬ್ಬಿ, ಬೆಡ್‌ಶೀಟ್, ಅಂಗಡಿಯವರದ್ದೇ ಹೆಸರಿನ ಮಸಾಲೆ ಪುಡಿ ಇಂಥವುಗಳ ಮೇಲೆ ದೊಡ್ಡ ಎಂಆರ್‌ಪಿ ಹಾಕಿ ಅರ್ಧ ಬೆಲೆಗೆ ಮಾರುವುದು ಬಲು ಸುಲಭ. ನಂದಿನಿ ಹಾಲನ್ನು ನೋಡಿ. ಊರೆಲ್ಲ ಒಂದೇ ದರ, ಎಲ್ಲರಿಗೂ ಬಾಯಿಪಾಠ. ಅಲ್ಲಿ ಹುಸಿ ರಿಯಾಯಿತಿಗೆ ಜಾಗವೇ ಇಲ್ಲ. ದಿನವೂ ಬಳಸುವ, ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ ದರವಿರುವ ಸೋಪು, ಎಣ್ಣೆ, ಕಾಫಿಪುಡಿಯ ಮೇಲೆ ಸಿಗುವ ಹತ್ತು ರೂಪಾಯಿಯ ಕೂಪನ್, ಮಾರುಕಟ್ಟೆ ದರವೇ ಗೊತ್ತಿಲ್ಲದ ವಸ್ತುವಿನ ಮೇಲಿನ ಇನ್ನೂರು ರೂಪಾಯಿಯ ಕೂಪನ್ನಿಗಿಂತ ಹೆಚ್ಚು ನಂಬಿಕಸ್ಥ.

ಇನ್ನು ಲೆಕ್ಕ. ಕೂಪನ್ನಿನ ದೊಡ್ಡಕ್ಷರದ ಸಾಲನ್ನು ಬಿಟ್ಟು ಸಣ್ಣಕ್ಷರದ ಸಾಲನ್ನು ಓದಿ. ‘20% ರಿಯಾಯಿತಿ, ಗರಿಷ್ಠ 100 ರೂಪಾಯಿ, ಕನಿಷ್ಠ ಖರೀದಿ 999’ ಎಂದಿದೆ ಎನ್ನಿ. 999 ರೂಪಾಯಿ ಕೊಂಡವರಿಗೆ ಸಿಗುವುದು 100, ಅಂದರೆ 10%. 1,500 ಕೊಂಡರೆ 7%ಕ್ಕೂ ಕಡಿಮೆ. ನಿಜವಾಗಿ 20% ಸಿಗಬೇಕಾದರೆ ಬಿಲ್ಲು 500 ಮೀರಬಾರದು, ಆದರೆ 500ಕ್ಕೆ ಈ ಕೂಪನ್ ನಡೆಯುವುದೇ ಇಲ್ಲ. ದೊಡ್ಡಕ್ಷರದ ಆ 20% ಯಾರಿಗೂ ಸಿಗದ ಅಂಕಿ.

ಕನಿಷ್ಠ ಖರೀದಿಯ ಗಡಿಯಲ್ಲೇ ಹೆಚ್ಚು ದುಡ್ಡು ಸೋರುವುದು. ನಿಮ್ಮ ಚೀಟಿಯ ಸಾಮಾನು 640 ರೂಪಾಯಿಗೆ ಮುಗಿದಿದೆ. 799ಕ್ಕೆ ಕೊಂಡರೆ 100 ರೂಪಾಯಿ ಕಡಿತ. ಇನ್ನೂ 159 ರೂಪಾಯಿಯ ಸಾಮಾನು ಸೇರಿಸುತ್ತೀರಿ, 699 ಕಟ್ಟುತ್ತೀರಿ. ಸೇರಿಸಿದ್ದು ಮುಂದಿನ ತಿಂಗಳು ಹೇಗೂ ಬೇಕಾಗಿದ್ದ ಬಟ್ಟೆ ಸೋಪಾದರೆ ನೂರು ರೂಪಾಯಿ ನಿಜವಾಗಿ ಉಳಿಯಿತು. ಚಿಪ್ಸು, ಜ್ಯೂಸು ಆದರೆ 59 ರೂಪಾಯಿ ಹೆಚ್ಚು ಖರ್ಚಾಯಿತು, ಬಿಲ್ಲಿನ ಕೆಳಗೆ ಮಾತ್ರ ‘ನೀವು 100 ರೂಪಾಯಿ ಉಳಿಸಿದ್ದೀರಿ’ ಎಂದು ಬರೆದಿರುತ್ತದೆ. ಸಾಮಾನಿನ ಚೀಟಿ ಮೊದಲು ಬರೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಡಬ್ಬಿಗಳನ್ನು ತೆರೆದು ನೋಡಿ, ಏನು ಮುಗಿದಿದೆ, ಏನು ಮುಗಿಯುತ್ತ ಬಂದಿದೆ ಎಂದು ಬರೆದುಕೊಂಡ ಮೇಲೆ ಆ್ಯಪ್ ತೆರೆಯಬೇಕು. ಚೀಟಿಯ ಕೊನೆಯಲ್ಲಿ ಮುಂದಿನ ತಿಂಗಳು ಬೇಕಾಗುವ, ಕೆಡದ ನಾಲ್ಕಾರು ಸಾಮಾನುಗಳ ಹೆಸರು ಬೇರೆ ಬರೆದಿಟ್ಟರೆ ಗಡಿ ಮುಟ್ಟಲು ಅದೇ ಸಾಕು.

ಉಚಿತದ ಲೆಕ್ಕವನ್ನೂ ಮಾಡಿಕೊಳ್ಳಿ. ಒಂದು ಕೊಂಡರೆ ಒಂದು ಉಚಿತ ಎಂದರೆ ಅರ್ಧ ಬೆಲೆ. ಎರಡಕ್ಕೆ ಒಂದು ಎಂದರೆ ಮೂರನೆಯ ಒಂದು ಭಾಗದ ಕಡಿತ. ‘25% ಹೆಚ್ಚು’ ಎಂದು ಹಳದಿ ಪಟ್ಟಿ ಹಚ್ಚಿದ ಪೊಟ್ಟಣ 20% ಕಡಿತಕ್ಕೆ ಸಮ, 25ಕ್ಕಲ್ಲ. 20%ರ ಮೇಲೆ ಮತ್ತೆ 10% ಎಂದರೆ ಒಟ್ಟು 28%, ಮೂವತ್ತಲ್ಲ. ಕ್ಯಾಶ್‌ಬ್ಯಾಕ್ ಎಂದರೆ ಎಷ್ಟೋ ಸಲ ಆ ದುಡ್ಡು ಮತ್ತೆ ಅದೇ ಅಂಗಡಿಯಲ್ಲಿ ಖರ್ಚಾಗಬೇಕು, ಅದಕ್ಕೂ ಒಂದು ಕೊನೆಯ ದಿನಾಂಕವಿರುತ್ತದೆ. ಐವತ್ತರ ಕ್ಯಾಶ್‌ಬ್ಯಾಕ್‌ಗಿಂತ ಈಗಲೇ ಕೈಯಲ್ಲಿ ಉಳಿಯುವ ಮೂವತ್ತನ್ನು ನಾನು ಆರಿಸುತ್ತೇನೆ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎನ್ನುವ ನಂಬಿಕೆಯೂ ಪೂರ್ತಿ ನಿಜವಲ್ಲ. ನಮ್ಮ ದೇಶದಲ್ಲಿ ಶಾಂಪೂವಿನ ಸ್ಯಾಶೆ ಎಷ್ಟೋ ಸಲ ಅದೇ ಶಾಂಪೂವಿನ ಬಾಟಲಿಗಿಂತ ಮಿಲಿಲೀಟರ್ ಲೆಕ್ಕದಲ್ಲಿ ಅಗ್ಗ. ಇದನ್ನು ಕಂಡುಕೊಳ್ಳಲು ಈಗ ಕ್ಯಾಲ್ಕುಲೇಟರ್ ಬೇಕಿಲ್ಲ. ಪೊಟ್ಟಣ ಸಾಮಾನಿನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಫಲವಾಗಿ ಎಂಆರ್‌ಪಿಯ ಬಳಿಯಲ್ಲೇ ಗ್ರಾಂಗೆ ಇಷ್ಟು, ಕಿಲೋಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಎಂಬ ಏಕಮಾನ ದರವನ್ನೂ ಮುದ್ರಿಸಬೇಕಾಗಿದೆ. ಅಕ್ಷರ ಚಿಕ್ಕದು, ಆದರೆ ಪೊಟ್ಟಣದ ಮೇಲೆ ಗ್ರಾಹಕನಿಗೆ ಅತ್ಯಂತ ಉಪಯೋಗದ ಸಾಲು ಅದು. ಎರಡು ಪೊಟ್ಟಣ ಕೈಯಲ್ಲಿ ಹಿಡಿದು ಆ ಸಾಲನ್ನು ಹೋಲಿಸಿದರೆ ಸಾಕು. ಹಳೆಯ ಬೆಲೆಯನ್ನೇ ಉಳಿಸಿಕೊಂಡು ತೂಕ ಇಳಿಸಿದ ಬಿಸ್ಕತ್ತೂ ಅಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಕೂಪನ್ ಯಾವುದರ ಮೇಲೆ ಬರುತ್ತದೆ ಎಂದು ಗಮನಿಸಿದ್ದೀರಾ? ನೂಡಲ್ಸ್, ಬಿಸ್ಕತ್ತು, ತಂಪು ಪಾನೀಯ, ಫೇಸ್‌ವಾಶ್, ನೆಲ ಒರೆಸುವ ದ್ರವ. ಲಾಭದ ಅಂತರ ದೊಡ್ಡದಿರುವಲ್ಲೇ ಬಿಟ್ಟುಕೊಡಲು ದುಡ್ಡು ಇರುತ್ತದೆ. ಅಕ್ಕಿ, ರಾಗಿ, ಬೇಳೆ, ಹಾಲು, ಸೊಪ್ಪಿಗೆ ಕೂಪನ್ ಅಪರೂಪ. ಆದರೆ ಸಂಸಾರದ ದುಡ್ಡು ಹೋಗುವುದೇ ಅಲ್ಲಿ. ಕೇಂದ್ರ ಸರ್ಕಾರದ 2022-23ರ ಬಳಕೆ ವೆಚ್ಚ ಸಮೀಕ್ಷೆಯಂತೆ ಹಳ್ಳಿಯ ಕುಟುಂಬದ ಖರ್ಚಿನಲ್ಲಿ 46%, ಪಟ್ಟಣದಲ್ಲಿ 39% ಆಹಾರದ ಪಾಲು. ಹಾಗಾಗಿ ಕೂಪನ್ನನ್ನು ಎಷ್ಟೇ ಜಾಣತನದಿಂದ ಬಳಸಿದರೂ ಅದು ಬಿಲ್ಲಿನ ಒಂದು ತುದಿಯನ್ನು ಮಾತ್ರ ಮುಟ್ಟುತ್ತದೆ.

ಉಳಿದ ಭಾಗಕ್ಕೆ ನಮ್ಮ ಹಿರಿಯರ ದಾರಿಯೇ ಇವತ್ತಿಗೂ ಗಟ್ಟಿ. ಕಲಬುರಗಿಯ ಕಡೆಯ ಹೊಸ ತೊಗರಿ ಡಿಸೆಂಬರ್ ಜನವರಿಯಿಂದ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಆವಕ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಜೋರು. ಹುಣಸೆಹಣ್ಣು ಫೆಬ್ರವರಿ ಮಾರ್ಚ್‌ನಲ್ಲಿ ಸುಲಿದು ಬರುತ್ತದೆ. ವರ್ಷದ ಖಾರದ ಪುಡಿ, ಸಾರಿನ ಪುಡಿ, ಬೇಳೆಯನ್ನು ಆ ಕಾಲದಲ್ಲೇ ಕೊಂಡು, ಬಿಸಿಲಿಗೆ ಹಾಕಿ, ಡಬ್ಬಿ ತುಂಬಿಡುತ್ತಿದ್ದ ಮನೆಗಳಿಗೆ ಸಿಗುತ್ತಿದ್ದ ಉಳಿತಾಯವನ್ನು ಯಾವ ಕೋಡೂ ಕೊಡಲಾರದು. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದವರು ನಾಲ್ಕು ಮನೆ ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬಹುದು. ಬೆಂಗಳೂರಿನಲ್ಲಿ ಯಶವಂತಪುರದ ಯಾರ್ಡಿಗೆ ಹೋಗಿ ಹೀಗೆ ತರುವವರು ಈಗಲೂ ಇದ್ದಾರೆ. ವಾರದ ಸಂತೆಯನ್ನೂ ಬಿಡಬೇಡಿ. ಸಂತೆಯಲ್ಲಿ ತೂಗಿದ ಮೇಲೆ ಒಂದು ಹಿಡಿ ಕೊಸರು ಬೀಳುತ್ತದೆ, ಅದಕ್ಕೆ ಕನಿಷ್ಠ ಖರೀದಿಯೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ.

ಬೆಂಗಳೂರಿನ ಕಚೇರಿ ನೌಕರರು ಬಲ್ಲ ಇನ್ನೊಂದು ಬಗೆಯ ಕೂಪನ್ ಇದೆ, ಊಟದ ಕೂಪನ್. ಸೊಡೆಕ್ಸೊ ಪುಸ್ತಕದ ಹಾಳೆ ಹರಿದು ಸೂಪರ್ ಮಾರ್ಕೆಟಿನಲ್ಲಿ ಬೇಳೆ ಎಣ್ಣೆ ತಂದವರು ಲೆಕ್ಕವಿಲ್ಲದಷ್ಟು. ಹಳೆಯ ತೆರಿಗೆ ಪದ್ಧತಿಯಲ್ಲಿ ದೀರ್ಘಕಾಲ ಒಂದು ಊಟಕ್ಕೆ 50 ರೂಪಾಯಿವರೆಗೆ ತೆರಿಗೆ ಇರಲಿಲ್ಲ. ದಿನಕ್ಕೆ ಎರಡು ಊಟ, ತಿಂಗಳಿಗೆ 22 ದಿನ ಎಂದರೆ ವರ್ಷಕ್ಕೆ 26,400 ರೂಪಾಯಿ. 30%ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಸುಮಾರು 8,200 ರೂಪಾಯಿ ಉಳಿಯುತ್ತಿತ್ತು. ಹೊಸ ಕೋಡ್ ಹುಡುಕುವ ಮೊದಲು ನಿಮ್ಮ ಕಚೇರಿಯ ಸಂಬಳ ವಿಭಾಗದಲ್ಲಿ ಈಗಿನ ನಿಯಮ ಕೇಳಿ ನೋಡುವುದು ಒಳ್ಳೆಯದು.

ಕೂಪನ್ ಹುಡುಕಲು ಹೊತ್ತು ಬೇಕು. ಆ ಹೊತ್ತು ಯಾರದು? ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88. ಹತ್ತು ರೂಪಾಯಿಗಾಗಿ ಮೂರು ಆ್ಯಪ್ ಹೋಲಿಸುವ ಕೆಲಸವನ್ನೂ ಮನೆಯ ಹೆಂಗಸಿನ ಪಾಲಿಗೇ ಹಾಕಿ, ಆಮೇಲೆ ‘ಇವಳಿಗೆ ಆಫರ್ ಹುಚ್ಚು’ ಎಂದು ಆಡಿಕೊಳ್ಳುವುದು ಅನ್ಯಾಯ. ಬೇಳೆಯ ದರ ಕಳೆದ ತಿಂಗಳು ಎಷ್ಟಿತ್ತು, ಯಾವ ಅಂಗಡಿಯ ಎಣ್ಣೆ ಎಷ್ಟು ದಿನ ಬಂತು ಎನ್ನುವ ಅವಳ ನೆನಪು ಸಂಸಾರದ ನಿಜವಾದ ಆಸ್ತಿ. ಚೀಟಿ ಬರೆಯುವುದರಲ್ಲೂ ದರ ಹೋಲಿಸುವುದರಲ್ಲೂ ಮನೆಯ ಗಂಡಸರು, ಕಾಲೇಜಿಗೆ ಹೋಗುವ ಮಕ್ಕಳು ಕೈಜೋಡಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದವರು, ದಿನಗೂಲಿಯಲ್ಲಿ ಅಂದಿನ ಅಕ್ಕಿ ಅಂದೇ ತರುವವರು ಇವರಿಗೆ ಈ ಯಾವ ಕೋಡೂ ತಲುಪುವುದಿಲ್ಲ. ಕಡಿತ ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗದಂತೆ ಈ ವ್ಯವಸ್ಥೆ ಇದೆ ಎನ್ನುವುದನ್ನು ಮರೆಯಲಾಗದು.

ಕೂಪನ್ನಿಗೆ ನಾವು ಕೊಡುವ ಇನ್ನೊಂದು ಬೆಲೆ ಮೊಬೈಲ್ ನಂಬರು. ನಂಬರು ಹೇಳಿದೊಡನೆ ನಮ್ಮ ಪ್ರತಿ ಖರೀದಿ ನಮ್ಮ ಹೆಸರಿಗೆ ದಾಖಲಾಗುತ್ತದೆ. ಬಿಲ್ಲು ಮಾಡಲು ನಂಬರು ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ಮಳಿಗೆಗಳಿಗೆ ಸೂಚಿಸಿದೆ. ಕೊಡುವುದಿಲ್ಲ ಎಂದು ಹೇಳಲು ಸಂಕೋಚ ಬೇಡ. ಅದೇ ವರ್ಷದ ನವೆಂಬರ್ 30ರಂದು ಬಂದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ವಸ್ತು, ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಕಾಣಿಸಿಕೊಳ್ಳುವ ನಿರ್ವಹಣಾ ಶುಲ್ಕ ಇವೆಲ್ಲ ಆ ಪಟ್ಟಿಯಲ್ಲಿವೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತರುವ ಆ್ಯಪ್‌ಗಳಲ್ಲಿ ಕೂಪನ್ ಇಳಿಸಿದ್ದನ್ನು ಶುಲ್ಕಗಳು ಏರಿಸಿಬಿಡುವುದುಂಟು. ಆದ್ದರಿಂದ ನೋಡಬೇಕಾದದ್ದು ಕಟ್ಟುವ ಕೊನೆಯ ಮೊತ್ತವನ್ನು ಮಾತ್ರ. ಇನ್ನು, ಅಂಚೆಯಲ್ಲಿ ಬರುವ ಗೀಚುವ ಕಾರ್ಡಿನಲ್ಲಿ ಕಾರು ಬಂದಿದೆ, ತೆರಿಗೆ ಮುಂಗಡ ಕಟ್ಟಿ ಎಂದರೆ ಅದು ವಂಚನೆ, ಸಂಶಯವೇ ಬೇಡ. ಬಹುಮಾನದ ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿಸಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ.

ಓದುಗರಲ್ಲಿ ಒಂದು ಕೋರಿಕೆ. ಈ ತಿಂಗಳ ಸಾಮಾನಿನ ಬಿಲ್ಲುಗಳನ್ನು ಎಸೆಯದೆ ಒಂದು ಕ್ಲಿಪ್ಪಿಗೆ ಸಿಕ್ಕಿಸಿಡಿ. ತಿಂಗಳ ಕೊನೆಗೆ ಮನೆಯವರೆಲ್ಲ ಕೂತು, ಚೀಟಿಯಲ್ಲಿ ಇಲ್ಲದೆ ಕೂಪನ್ನಿಗಾಗಿಯೇ ಬಂದ ಸಾಮಾನುಗಳಿಗೆ ಗೀಟು ಹಾಕಿ ಕೂಡಿಸಿ, ಕೂಪನ್ನಿನಿಂದ ಕಡಿತವಾದ ಮೊತ್ತದ ಪಕ್ಕದಲ್ಲಿ ಬರೆಯಿರಿ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ಹೇಳಿದ ರಿಯಾಯಿತಿ ಬಿಲ್ಲಿನಲ್ಲಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಕೊಡಬಹುದು. ಬಹುಮಾನದ ಹೆಸರಿನಲ್ಲಿ ಹಣ ಕಳೆದುಕೊಂಡಿದ್ದರೆ 1930ಕ್ಕೆ, ಒಂದು ಗಳಿಗೆಯೂ ತಡಮಾಡದೆ.